ಮಿಂಚಿದ್ದು ಯಾರ ಮನೆಯಲ್ಲಿ?

ಆಕಾಶದ ಜೊತೆಗೆ ನಮ್ಮಂಥ ಹೆಂಗಸರ ವ್ಯವಹಾರ ಬಹಳ ಕಡಿಮೆ. ಹಪ್ಪಳ ಸಂಡಿಗೆ ಹರವಿದಾಗ ಮೋಡ ಬಂತೇ ಎಂದು ಒಮ್ಮೆ ತಲೆಯೆತ್ತುತ್ತೇವೆ. ಸಂಕಷ್ಟಿಯ ರಾತ್ರಿ ಕ್ಯಾಲೆಂಡರಿನಲ್ಲಿ ಚಂದ್ರೋದಯದ ಹೊತ್ತು ನೋಡಿಕೊಂಡು, ಹಸಿದ ಹೊಟ್ಟೆಯಲ್ಲಿ ತಾರಸಿ ಹತ್ತಿ, ಪಕ್ಕದ ಮನೆಯ ತೆಂಗಿನ ಗರಿಯ ಸಂದಿಯಲ್ಲಿ ಅವನನ್ನು ಹುಡುಕುತ್ತೇವೆ. ಮದುವೆಯ ದಿನ ಪುರೋಹಿತರು ಮಟಮಟ ಮಧ್ಯಾಹ್ನದಲ್ಲಿ ಅರುಂಧತಿಯನ್ನು ತೋರಿಸಿ ‘ಕಂಡಿತೇನಮ್ಮಾ?’ ಎಂದು ಕೇಳಿದಾಗ, ಏನೂ ಕಾಣದೆಯೂ ‘ಕಂಡಿತು’ ಎಂದು ತಲೆಯಾಡಿಸಿದವರು ನಾವು. ನನ್ನ ಮಟ್ಟಿಗೆ ಖಗೋಳ ಶಾಸ್ತ್ರ ಬಹಳ ವರ್ಷ ಅಲ್ಲಿಗೇ ನಿಂತಿತ್ತು.

ಹಾಗಿರುವಾಗ ಬಿ.ಎ., ಬಿ.ಎಡ್. ಮಾಡಿ ಸಮಾಜ ವಿಜ್ಞಾನ ಪಾಠ ಹೇಳುವ ಇವಳಿಗೆ ಗಾಮಾ ಕಿರಣ ಸ್ಫೋಟಗಳ ಉಸಾಬರಿ ಏಕೆ ಎಂದು ನೀವು ಕೇಳಬಹುದು. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರಿಗೆ ವರ್ಗವಾಯಿತು. ಅವರ ಜಾಗಕ್ಕೆ ಒಂದು ವರ್ಷ ಯಾರೂ ಬರಲಿಲ್ಲ. ‘ನೀವೇ ಸ್ವಲ್ಪ ಸುಧಾರಿಸಿ ಮೇಡಂ’ ಎಂದು ಹೆಡ್ಮಾಸ್ಟರು ಒಂಬತ್ತನೆಯ ತರಗತಿಯ ವಿಜ್ಞಾನದ ಪೀರಿಯಡ್ಡುಗಳನ್ನು ನನಗೆ ಹಚ್ಚಿದರು. ಹೀಗೆ ಐವತ್ತು ದಾಟಿದ ಮೇಲೆ ನಾನು ರಾತ್ರಿ ಅಡುಗೆಮನೆ ಒರೆಸಿ ಬಂದು ವಿಜ್ಞಾನ ಓದಲು ಕುಳಿತೆ.

ಆದರೆ ಈ ಕಥೆಯ ಬಾಗಿಲು ನನಗೆ ತೆರೆದದ್ದು ಚರಿತ್ರೆಯ ಕಡೆಯಿಂದಲೇ. ಶೀತಲ ಸಮರದ ಪಾಠ ಮಾಡುವಾಗ ನಾನು 1963ರ ಒಪ್ಪಂದವನ್ನು ಹೇಳದೆ ಬಿಡುವುದಿಲ್ಲ. ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್ ಮೂವರೂ ಕೂತು, ಇನ್ನು ಮುಂದೆ ವಾತಾವರಣದಲ್ಲಿ, ನೀರಿನೊಳಗೆ, ಬಾಹ್ಯಾಕಾಶದಲ್ಲಿ ಅಣುಬಾಂಬಿನ ಪರೀಕ್ಷೆ ಮಾಡುವುದಿಲ್ಲ ಎಂದು ಸಹಿ ಹಾಕಿದರು. ಸಹಿ ಹಾಕಿದರೇ ವಿನಾ ಒಬ್ಬರಿಗೊಬ್ಬರ ಮೇಲೆ ನಂಬಿಕೆಯಿರಲಿಲ್ಲ. ಬಾಂಬು ಸಿಡಿದರೆ ಗಾಮಾ ಕಿರಣ ಬರುತ್ತದಲ್ಲ, ಅದನ್ನು ಹಿಡಿಯಲು ಅಮೆರಿಕ ‘ವೆಲಾ’ ಎಂಬ ಉಪಗ್ರಹಗಳನ್ನು ಜೋಡಿ ಜೋಡಿಯಾಗಿ ಹಾರಿಸಿತು. ಪಕ್ಕದ ಮನೆಯವರು ಕದ್ದು ಏನು ಮಾಡುತ್ತಾರೆ ಎಂದು ಗೋಡೆಯ ಮೇಲಿಂದ ಇಣುಕುವ ಕೆಲಸ ಅವಕ್ಕೆ. 1967ರ ಜುಲೈ 2ರಂದು ಅವು ಒಂದು ಮಿಂಚನ್ನು ಕಂಡವು. ಬಾಂಬಿನ ಲಕ್ಷಣ ಅದಕ್ಕಿರಲಿಲ್ಲ. ಲಾಸ್ ಅಲಾಮಸ್‌ನ ವಿಜ್ಞಾನಿಗಳು ಫೈಲಿನಲ್ಲಿಟ್ಟರು. ಅಂಥವೇ ಮತ್ತಷ್ಟು ಬಂದವು. ಭೂಮಿಯಿಂದಲೂ ಅಲ್ಲ, ಸೂರ್ಯನಿಂದಲೂ ಅಲ್ಲ ಎಂದು ಖಾತ್ರಿಯಾದ ಮೇಲೆ 1973ರಲ್ಲಿ ಕ್ಲೆಬೆಸಾಡೆಲ್, ಸ್ಟ್ರಾಂಗ್, ಓಲ್ಸನ್ ಎಂಬ ಮೂವರು 16 ಸ್ಫೋಟಗಳ ವಿವರವನ್ನು ಪ್ರಕಟಿಸಿದರು. ನೆರೆಯವರ ಕಳ್ಳತನ ಹಿಡಿಯಲು ಹೋದವರಿಗೆ ಬ್ರಹ್ಮಾಂಡದ ಗುಟ್ಟು ಸಿಕ್ಕಿತು!

ಇದನ್ನು ತರಗತಿಯಲ್ಲಿ ಹೇಳಿದಾಗ ಮಧ್ಯದ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: “ಮಿಸ್, ಹಂಗಾದ್ರೆ ಅದು ಯಾರ ಮನೇಲಿ ಆಗಿದ್ದು?”

ಹುಡುಗರೆಲ್ಲ ಗೊಳ್ಳೆಂದು ನಕ್ಕರು. ನಗುವಂಥದ್ದೇನೂ ಅದರಲ್ಲಿರಲಿಲ್ಲ. ಮೂವತ್ತು ವರ್ಷ ಪ್ರಪಂಚದ ದೊಡ್ಡ ದೊಡ್ಡ ವಿಜ್ಞಾನಿಗಳು ತಲೆ ಕೆಡಿಸಿಕೊಂಡದ್ದು ಇದೇ ಪ್ರಶ್ನೆಗೆ.

ರಾತ್ರಿ ಕರೆಂಟು ಹೋಗಿದೆ ಎನ್ನಿ. ಕಿಟಕಿಯಾಚೆ ಒಂದು ಬೆಳಕು ಮಿನುಗಿ ಆರುತ್ತದೆ. ಅದು ಅಂಗಳದ ಮಿಂಚುಹುಳುವೋ, ದೂರದ ಗುಡ್ಡ ಇಳಿಯುತ್ತಿರುವ ಲಾರಿಯ ದೀಪವೋ? ದೂರ ಗೊತ್ತಿಲ್ಲದೆ ಬೆಳಕಿನ ಗಾತ್ರ ಗೊತ್ತಾಗುವುದಿಲ್ಲ. ಗಾಮಾ ಕಿರಣವನ್ನು ಕನ್ನಡಿಯಿಟ್ಟು ಹಿಡಿಯಲು ಬರುವುದಿಲ್ಲವಾದ್ದರಿಂದ ಅದು ಬಂದ ದಿಕ್ಕೂ ಅಂದಾಜಿನದು. ಮನೆ ನಂಬರು ಇಲ್ಲದೆ ಬರೀ ಪಿನ್‌ಕೋಡು ಸಿಕ್ಕ ಹಾಗೆ. 1991ರಲ್ಲಿ ಮೇಲೆ ಹೋದ ಕಾಂಪ್ಟನ್ ಎಂಬ ವೀಕ್ಷಣಾಲಯ ದಿನಕ್ಕೆ ಹೆಚ್ಚು ಕಡಿಮೆ ಒಂದರಂತೆ ಸ್ಫೋಟಗಳನ್ನು ಎಣಿಸಿತು. ಅವು ನಮ್ಮ ಆಕಾಶಗಂಗೆಯ ಪಟ್ಟಿಯ ಉದ್ದಕ್ಕೂ ಸೇರಿಕೊಂಡಿರಲಿಲ್ಲ. ಆಕಾಶದ ತುಂಬ ಒಂದೇ ಸಮ, ರವೆ ಚೆಲ್ಲಿದ ಹಾಗೆ ಹರಡಿದ್ದವು. 1995ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ಇದರ ಮೇಲೆ ಬಹಿರಂಗ ಚರ್ಚೆಯೇ ನಡೆಯಿತು. ಬೋಧಾನ್ ಪಚಿನ್ಸ್ಕಿ ಇವು ಬಹಳ ಬಹಳ ದೂರದ ಗೆಲಾಕ್ಸಿಗಳಲ್ಲಿ ಆಗುವಂಥವು ಎಂದರು. ಡೊನಾಲ್ಡ್ ಲ್ಯಾಂಬ್ ನಮ್ಮ ಗೆಲಾಕ್ಸಿಯ ಹೊರ ಆವರಣದಲ್ಲೇ ಆಗುವಂಥವು ಎಂದರು. ತೀರ್ಮಾನವಾಗಲಿಲ್ಲ.

ಎರಡೇ ವರ್ಷಕ್ಕೆ ಆಯಿತು. 1997ರ ಫೆಬ್ರವರಿ 28ರಂದು ಇಟಲಿ ಮತ್ತು ನೆದರ್ಲೆಂಡ್ಸ್ ಸೇರಿ ಹಾರಿಸಿದ್ದ ಬೆಪ್ಪೋಸ್ಯಾಕ್ಸ್ ಉಪಗ್ರಹ ಒಂದು ಸ್ಫೋಟವಾದ ಜಾಗದಲ್ಲಿ, ಅದು ಆರಿದ ಮೇಲೂ ಉಳಿದ ಎಕ್ಸ್‌ರೇ ಕಾವನ್ನು ಗುರುತಿಸಿತು. ಒಲೆಯ ಉರಿ ಆರಿದ ಮೇಲೂ ಕೆಂಡ ಇರುತ್ತದಲ್ಲ, ಹಾಗೆ. ಆಮ್‌ಸ್ಟರ್‌ಡಾಮಿನ ಯಾನ್ ವಾನ್ ಪ್ಯಾರಡೈಸ್ ಅವರ ಗುಂಪು ಲಾ ಪಾಲ್ಮಾ ದ್ವೀಪದ ದೊಡ್ಡ ದೂರದರ್ಶಕದಿಂದ ಆ ಜಾಗದ ಫೋಟೋ ತೆಗೆಸಿತು. ಎಂಟು ದಿನ ಬಿಟ್ಟು ತೆಗೆದ ಇನ್ನೊಂದು ಫೋಟೋ ಪಕ್ಕದಲ್ಲಿಟ್ಟು ನೋಡಿದರೆ, ಮೊದಲನೆಯದರಲ್ಲಿದ್ದ ಒಂದು ಚುಕ್ಕೆ ಎರಡನೆಯದರಲ್ಲಿ ಇಲ್ಲ. ಅದು ಮಾಸಿದ ಜಾಗದಲ್ಲಿ ಹಬಲ್ ದೂರದರ್ಶಕಕ್ಕೆ ಕಂಡದ್ದು ಬೆರಳು ಒರೆಸಿದಂಥ ಒಂದು ಮಸುಕು ಕಲೆ. ಅದೇ ಮನೆ! ಅಲ್ಲಿಂದ ಬೆಳಕು ಹೊರಟು 600 ಕೋಟಿ ವರ್ಷಕ್ಕೂ ಹೆಚ್ಚಾಗಿತ್ತೆಂದು ಆಮೇಲೆ ಲೆಕ್ಕ ಸಿಕ್ಕಿತು. ಅದೇ ವರ್ಷ ಮೇ 8ರ ಇನ್ನೊಂದು ಸ್ಫೋಟದ ದೂರವನ್ನು ಹವಾಯಿಯ ಕೆಕ್ ದೂರದರ್ಶಕ ಅಳೆದು, ಪಚಿನ್ಸ್ಕಿಯವರ ಮಾತೇ ನಿಜವೆಂದು ಸಾಬೀತಾಯಿತು. ಅಷ್ಟು ದೂರದಿಂದ ಅಷ್ಟು ಬೆಳಗಬೇಕಾದರೆ, ಸೂರ್ಯ ತನ್ನ ಇಡೀ ಆಯುಸ್ಸಿನಲ್ಲಿ ಕೊಡುವಷ್ಟು ಶಕ್ತಿಯನ್ನು ಅದು ಕೆಲವೇ ಸೆಕೆಂಡುಗಳಲ್ಲಿ ಚೆಲ್ಲಿರಬೇಕು.

ಸ್ಫೋಟವಾದ ಗೆಲಾಕ್ಸಿಯನ್ನು ಇಂಗ್ಲಿಷಿನಲ್ಲಿ ‘ಹೋಸ್ಟ್’ ಎನ್ನುತ್ತಾರೆ, ಅಂದರೆ ಅತಿಥಿಯನ್ನು ಇಳಿಸಿಕೊಂಡ ಮನೆ. ನನಗೆ ಈ ಮಾತು ಇಷ್ಟವಾಯಿತು. ಅತಿಥಿ ಇರುವಷ್ಟು ಹೊತ್ತು ಅವನ ಪ್ರಭೆಯಲ್ಲಿ ಮನೆ ಕಾಣುವುದಿಲ್ಲ. ತಿಂಗಳುಗಟ್ಟಲೆ ಕಾದು, ಕೆಂಡವೂ ಆರಿದ ಮೇಲೆ ಮನೆಯನ್ನು ನೋಡಬೇಕು. ಮದುವೆ ಮನೆಯ ಶಾಮಿಯಾನ, ಸೀರಿಯಲ್ ಸೆಟ್ ಎಲ್ಲ ಬಿಚ್ಚಿದ ಮೇಲೆ ಗೋಡೆಯ ಸುಣ್ಣ ಎಷ್ಟು ಉದುರಿದೆ ಎಂದು ಕಾಣುವ ಹಾಗೆ. ಇನ್ನೊಂದು ಉಪಾಯವೂ ಇದೆ. ಸ್ಫೋಟದ ಬೆಳಕು ತನ್ನ ಮನೆಯ ಅನಿಲದ ನಡುವೆಯೇ ಹಾದು ಹೊರಗೆ ಬರಬೇಕಲ್ಲ. ಬರುವಾಗ ಅಲ್ಲಿ ಏನೇನಿದೆಯೋ ಅದರ ಗುರುತನ್ನು ತನ್ನ ರೋಹಿತದಲ್ಲಿ ಹೊತ್ತು ತರುತ್ತದೆ. ಅಡುಗೆಮನೆಯಿಂದ ಎದ್ದು ಬಂದವಳ ಸೆರಗಿನಲ್ಲಿ ಒಗ್ಗರಣೆಯ ವಾಸನೆ ಇರುತ್ತದಲ್ಲ, ಅದೇ ರೀತಿ. ಮನೆ ಕಣ್ಣಿಗೆ ಕಾಣದಷ್ಟು ದೂರವಿದ್ದರೂ ಒಳಗೆ ಏನು ಬೇಯುತ್ತಿತ್ತು ಎಂದು ಹೇಳಿಬಿಡುತ್ತಾರೆ.

ಮನೆಗಳು ಒಂದೊಂದಾಗಿ ಪತ್ತೆಯಾದಂತೆ ಆಶ್ಚರ್ಯ ಹೆಚ್ಚಿತು. ಇಷ್ಟು ಭಾರಿ ಸ್ಫೋಟವೆಂದರೆ ಭಾರಿ ಗೆಲಾಕ್ಸಿಯಲ್ಲೇ ಆಗಬೇಕು ಎಂದಲ್ಲವೇ ನಾವು ಯೋಚಿಸುವುದು? ನಮ್ಮ ಆಕಾಶಗಂಗೆಯಂಥದ್ದು, ಹತ್ತು ಸಾವಿರ ಕೋಟಿಗೂ ಮೀರಿದ ನಕ್ಷತ್ರಗಳ, ಸುರುಳಿ ಸುರುಳಿ ತೋಳುಗಳ ಸಿರಿವಂತ ಮನೆ. 2006ರಲ್ಲಿ ಆಂಡ್ರ್ಯೂ ಫ್ರಕ್ಟರ್ ಮತ್ತು ಸಂಗಡಿಗರು ದೀರ್ಘ ಸ್ಫೋಟಗಳ 42 ಮನೆಗಳ ಹಬಲ್ ಚಿತ್ರಗಳನ್ನು ಇಟ್ಟುಕೊಂಡು ನೋಡಿದರು. ನಮ್ಮದರಂಥ ಸುರುಳಿ ಗೆಲಾಕ್ಸಿ ಅವುಗಳಲ್ಲಿ ಒಂದೇ ಒಂದು. ಮಿಕ್ಕವು ಬಹುಪಾಲು ಚಿಕ್ಕವು, ಮಸುಕು, ಅಂಕುಡೊಂಕು ಆಕಾರದವು. ಆದರೆ ನೀಲಿ ಬಣ್ಣದವು. ನೀಲಿಯೆಂದರೆ ಒಳಗೆ ಹೊಸ ನಕ್ಷತ್ರಗಳು ಭರದಿಂದ ಹುಟ್ಟುತ್ತಿವೆ ಎಂದರ್ಥ. ಸ್ಫೋಟವಾದದ್ದೂ ಆ ಪುಟ್ಟ ಮನೆಯ ಅತಿ ಬೆಳಕಿನ ಮೂಲೆಯಲ್ಲೇ.

ಇನ್ನೊಂದು ಲಕ್ಷಣ, ಈ ಮನೆಗಳಲ್ಲಿ ಲೋಹದ ಬಡತನ. ಇಲ್ಲೊಂದು ತಮಾಷೆಯಿದೆ. ಖಗೋಳ ವಿಜ್ಞಾನಿಗಳು ಜಲಜನಕ, ಹೀಲಿಯಂ ಎರಡನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ‘ಲೋಹ’ ಎಂದುಬಿಡುತ್ತಾರೆ. ಇಂಗಾಲವೂ ಲೋಹ, ಆಮ್ಲಜನಕವೂ ಲೋಹ! ಪರೀಕ್ಷೆಯಲ್ಲಿ ಮಕ್ಕಳು ಹಾಗೆ ಬರೆದರೆ ನಾವು ಸೊನ್ನೆ ಕೊಡುತ್ತೇವೆ. ಈ ಧಾತುಗಳು ನಕ್ಷತ್ರಗಳ ಒಡಲಲ್ಲಿ ಬೆಂದು ತಲೆಮಾರಿನಿಂದ ತಲೆಮಾರಿಗೆ ಕೂಡುತ್ತಾ ಬರುವ ಆಸ್ತಿ. ಹಳೆಯ ದೊಡ್ಡ ಮನೆಗಳಲ್ಲಿ ಅದು ಹೆಚ್ಚು, ಪುಟ್ಟ ಮನೆಗಳಲ್ಲಿ ಕಡಿಮೆ.

ಬಡತನಕ್ಕೂ ಸ್ಫೋಟಕ್ಕೂ ಏನು ಸಂಬಂಧ? ಸೂರ್ಯನಿಗಿಂತ ಹತ್ತಾರು ಪಟ್ಟು ಭಾರದ ನಕ್ಷತ್ರದಲ್ಲಿ ಕಬ್ಬಿಣದಂಥ ಧಾತುಗಳು ಹೆಚ್ಚಿದ್ದರೆ, ಅದರ ಬೆಳಕು ಅವನ್ನು ತಳ್ಳಿ ತಳ್ಳಿ ಮೈಯ ಹೊರ ಪದರವನ್ನು ಗಾಳಿಯಂತೆ ಊದಿ ಕಳೆಯುತ್ತದೆ. ಜೊತೆಗೆ ನಕ್ಷತ್ರದ ತಿರುಗುವ ವೇಗವೂ ಸೋರಿಹೋಗುತ್ತದೆ. ಲೋಹ ಕಡಿಮೆಯಿದ್ದರೆ ಆ ಗಾಳಿ ಮಂದ. ಕೊನೆಯವರೆಗೂ ನಕ್ಷತ್ರ ಬುಗುರಿಯಂತೆ ರಭಸದಲ್ಲಿ ತಿರುಗುತ್ತಿರುತ್ತದೆ. ಉರುವಲು ಮುಗಿದು ನಡುಭಾಗ ಕುಸಿದು ಕಪ್ಪುಕುಳಿಯಾದಾಗ, ಸುತ್ತಲಿನದೆಲ್ಲ ಗಿರಗಿರನೆ ಒಳಗೆ ಬೀಳುತ್ತಾ, ಎರಡು ತುದಿಗಳಿಂದ ಬೆಳಕಿನ ವೇಗಕ್ಕೆ ಸಮೀಪದಲ್ಲಿ ಕಾರಂಜಿ ಚಿಮ್ಮುತ್ತದೆ. ಕುಕ್ಕರಿನ ಸೀಟಿಯ ಸಣ್ಣ ತೂತಿನಿಂದ ಆವಿ ನುಗ್ಗುವ ಹಾಗೆ. ಆ ಕಾರಂಜಿ ನಮ್ಮ ಕಡೆ ಮುಖ ಮಾಡಿದ್ದರೆ ಮಾತ್ರ ನಮಗೆ ಕಾಣುತ್ತದೆ. ಸ್ಟ್ಯಾನ್ ವೂಸ್ಲಿ 1993ರಲ್ಲಿ ಹೇಳಿದ ಈ ವಿವರಣೆಗೆ ಬಲವಾದ ಸಾಕ್ಷಿಗಳು ಸಿಕ್ಕಿವೆ. 1998ರ ಏಪ್ರಿಲ್ 25ರ ಸ್ಫೋಟದ ಜಾಗದಲ್ಲೂ, 2003ರ ಮಾರ್ಚ್ 29ರ ಸ್ಫೋಟದ ಜಾಗದಲ್ಲೂ ಸಾಯುವ ನಕ್ಷತ್ರದ ಸೂಪರ್ನೋವಾ ಕಂಡಿತು.

ಇಷ್ಟು ಓದಿದವರಿಗೆ ಒಂದು ಉಪಮೆ ನಾಲಿಗೆಯ ತುದಿಗೆ ಬಂದಿರುತ್ತದೆ. ಬಡವರ ಮನೆಯಲ್ಲೇ ಪ್ರತಿಭೆ ಬೆಳಗುವುದು ಎಂದು. ಶಾಲಾ ವಾರ್ಷಿಕೋತ್ಸವದ ಭಾಷಣಗಳಲ್ಲಿ ಇಂಥದ್ದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಆ ನಕ್ಷತ್ರ ಬೆಳಗಿದ್ದು ಸಾಯುವಾಗ. ನಮ್ಮ ಮಕ್ಕಳು ಒಂದು ದಿನ ಮಿಂಚಿ ಪೇಪರಿನಲ್ಲಿ ಫೋಟೋ ಬಂದು ಆರಿಹೋಗುವುದು ಯಾರಿಗೆ ಬೇಕು? ಅವರು ನೆಮ್ಮದಿಯಾಗಿ, ಬಹಳ ವರ್ಷ ಓದಬೇಕು.

ಹೀಗೆ ಹೇಳಲು ಕಾರಣವಿದೆ. ಆ ಪ್ರಶ್ನೆ ಕೇಳಿದ ಹುಡುಗಿ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ನಂಬರು ತೆಗೆದಳು. ನಮ್ಮೂರಿನ ಕಾಲೇಜಿನಲ್ಲಿರುವುದು ಆರ್ಟ್ಸು, ಕಾಮರ್ಸು. ಸೈನ್ಸ್ ಬೇಕೆಂದರೆ 18 ಕಿಲೋಮೀಟರ್ ದೂರದ ತಾಲ್ಲೂಕು ಕೇಂದ್ರಕ್ಕೆ ಹೋಗಬೇಕು. ನನ್ನ ಕಾಲದಲ್ಲೂ ಹೀಗೇ ಇತ್ತು. ‘ಹೆಣ್ಣುಹುಡುಗಿ ದಿನಾ ಬಸ್ಸಿನಲ್ಲಿ ಓಡಾಡುವುದು ಬೇಡ’ ಎಂದು ನಮ್ಮ ತಂದೆ ನನ್ನನ್ನು ಊರಿನಲ್ಲೇ ಆರ್ಟ್ಸಿಗೆ ಸೇರಿಸಿದರು. ಅಣ್ಣನನ್ನು ಹಾಸ್ಟೆಲಿನಲ್ಲಿಟ್ಟು ಸೈನ್ಸ್ ಓದಿಸಿದರು. ಅಣ್ಣನಿಗೆ ಅದು ರುಚಿಸಲಿಲ್ಲ, ಬಿಟ್ಟುಬಂದ. ನನಗೆ ಚರಿತ್ರೆ ಒಲಿಯಿತು, ಅದರಿಂದ ಅನ್ನವೂ ಸಿಕ್ಕಿತು, ದೂರುವುದಿಲ್ಲ. ಆದರೂ ಕಾರಂಜಿಯ ಲೆಕ್ಕದಲ್ಲಿ ಗಣಿತ ಬಂದಾಗ ಪುಟ ಮಗುಚುವ ಕೈ ಒಂದು ಕ್ಷಣ ನಿಲ್ಲುತ್ತದೆ.

ಒಂದು ಸಂಜೆ ಅವಳ ಮನೆಗೆ ಹೋದೆ. ಒಂದೇ ಕೋಣೆ, ಮೇಲೆ ಶೀಟು. ತಾಯಿ ಕನಕಾಂಬರ ಕಟ್ಟುತ್ತಾ ಕುಳಿತಿದ್ದವರು, ದಾರ ಬಾಯಲ್ಲೇ ಕಚ್ಚಿಕೊಂಡು ಚಾಪೆ ಹಾಸಿದರು.

“ಸೈನ್ಸು ಅಂದ್ರೆ ಟೂಸನ್ನು ಬೇರೆ ಹಾಕ್ಬೇಕಂತಲ್ಲ ಮೇಡಮ್ಮೋರೆ. ಆರ್ಟ್ಸಾದ್ರೆ ಇಲ್ಲೇ ಐತೆ, ಹೂ ಕಟ್ಟಾಕೂ ಕೈಗಾಯ್ತಾಳೆ.”

“ಟ್ಯೂಷನ್ ನಾನು ನೋಡಿಕೊಳ್ತೀನಿ. ನನಗೆ ಗೊತ್ತಿರೋ ಮೇಷ್ಟ್ರು ಇದಾರೆ. ಬಸ್ಸಿಗೆ ಈಗ ನಮಗೆ ದುಡ್ಡಿಲ್ಲವಲ್ಲ.” 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಉಚಿತವಾದದ್ದನ್ನು ಯಾರು ಏನೇ ಆಡಿಕೊಳ್ಳಲಿ, ಆ ಸಂಜೆ ನನ್ನ ಅರ್ಧ ವಾದವನ್ನು ಅದೇ ಗೆದ್ದಿತು.

“ಓದಿ ಇವ್ಳು ಎಲ್ಲಿಗೆ ಹೋಗ್ಬೇಕು ಹೇಳಿ. ಫಾರಿನ್ನಿಗಾ?”

ನಾನು ಹೊಸಕೋಟೆಯ ಕಥೆ ಹೇಳಿದೆ. ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದ ಬೆಟ್ಟದ ಮೇಲೆ, ನಮ್ಮ ದೇಶದ ಎರಡು ಮೀಟರ್ ಅಗಲದ ಕನ್ನಡಿಯ ಚಂದ್ರ ದೂರದರ್ಶಕವಿದೆ. ಅದನ್ನು ತಿರುಗಿಸುವವರು ಆ ಚಳಿಯಲ್ಲಿ ಕೂರುವುದಿಲ್ಲ. ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕೂತು ಉಪಗ್ರಹ ಸಂಪರ್ಕದಿಂದ ನಡೆಸುತ್ತಾರೆ. ಇಂಥ ಸ್ಫೋಟಗಳ ಕೆಂಡವನ್ನು ಅಲ್ಲಿಂದ ಎಷ್ಟೋ ಸಲ ನೋಡಿದ್ದಾರೆ.

“ಹೊಸಕೋಟೆನಾ? ನಮ್ಮಣ್ಣ ಅಲ್ಲೇ ಕೋಳಿ ಲಾರಿ ಓಡಿಸ್ತಾನೆ” ಎಂದರು ಆಕೆ. ಅಂತರಿಕ್ಷ ಸ್ವಲ್ಪ ಹತ್ತಿರ ಬಂದ ಹಾಗಾಯಿತು. “ಅಣ್ಣನ್ನ ಒಂದ್ಮಾತು ಕೇಳ್ತೀನಿ” ಎಂದು, ಎರಡು ಮಾರು ಹೂವನ್ನು ದುಡ್ಡು ಬೇಡವೆಂದು ನನ್ನ ಚೀಲಕ್ಕೆ ಹಾಕಿದರು.

ಮನೆಗಳ ವಿಷಯಕ್ಕೆ ಮತ್ತೆ ಬರುತ್ತೇನೆ. ಪುಟ್ಟ, ನೀಲಿ, ಬಡ ಮನೆ ಎಂಬ ಲೆಕ್ಕದಲ್ಲಿ ಒಂದು ಕೊರತೆಯಿತ್ತು. ಮೊದಮೊದಲು ಪತ್ತೆಯಾದವು ಕೆಂಡದ ಬೆಳಕು ಕಣ್ಣಿಗೆ ಕಂಡ ಸ್ಫೋಟಗಳು ಮಾತ್ರ. ದಟ್ಟ ಧೂಳಿನ ಹಿಂದೆ ಸಿಡಿದವುಗಳ ಬೆಳಕು ಹೊರಗೆ ಬರುವುದೇ ಇಲ್ಲ. ಆಮೇಲೆ ಅವಗೆಂಪು ಕಿರಣಗಳಲ್ಲಿ ಹುಡುಕಿದಾಗ, ಧೂಳು ತುಂಬಿದ, ಇನ್ನೂ ದೊಡ್ಡ, ಕೆಂಪು ಛಾಯೆಯ ಮನೆಗಳೂ ಸಿಕ್ಕವು. ಹಾಜರಿ ಪುಸ್ತಕದಲ್ಲಿ ಹೆಸರಿರುವ ಮಕ್ಕಳನ್ನಷ್ಟೇ ಎಣಿಸಿ ಊರಿನ ಮಕ್ಕಳೆಲ್ಲ ಶಾಲೆಗೆ ಬರುತ್ತಿದ್ದಾರೆ ಎಂದು ವರದಿ ಬರೆಯುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆದರೂ, ಎಲ್ಲ ಸೇರಿಸಿಕೊಂಡ ಮೇಲೂ, ತೀರ ಸಿರಿವಂತ ಗೆಲಾಕ್ಸಿಗಳಲ್ಲಿ ಇವು ಅಪರೂಪವೆಂಬುದು ಉಳಿದಿದೆ. 2022ರ ಅಕ್ಟೋಬರ್ 9ರಂದು ನಾವು ಈವರೆಗೆ ಕಂಡ ಅತಿ ಪ್ರಖರ ಸ್ಫೋಟ ಬಂತು; 2015ರಲ್ಲಿ ಶ್ರೀಹರಿಕೋಟಾದಿಂದ ಹೋದ ನಮ್ಮ ಆಸ್ಟ್ರೋಸ್ಯಾಟ್ ಕೂಡ ಅದನ್ನು ಹಿಡಿಯಿತು. ಅದರ ಮನೆಯಲ್ಲೂ ಲೋಹ ಬಹಳ ಕಡಿಮೆ.

ಇನ್ನು ಕಿರು ಸ್ಫೋಟಗಳದ್ದು ಬೇರೆಯೇ ಸಂಸಾರ. ಎರಡು ಸೆಕೆಂಡಿಗಿಂತ ಕಡಿಮೆಯವು ಒಂದು ಜಾತಿ, ಹೆಚ್ಚಿನವು ಒಂದು ಜಾತಿ ಎಂದು 1993ರಲ್ಲಿ ಗೆರೆ ಎಳೆದು ತೋರಿಸಿದವರು ಗ್ರೀಸ್ ದೇಶದಲ್ಲಿ ಹುಟ್ಟಿದ ಕ್ರಿಸ್ಸಾ ಕೂವೆಲಿಯೋಟು ಎಂಬ ಹೆಣ್ಣುಮಗಳು ಮತ್ತು ಅವರ ಸಹೋದ್ಯೋಗಿಗಳು. ಈ ಕಿರು ಸ್ಫೋಟಗಳ ಮನೆ ಸಿಗಲು 2005ರವರೆಗೆ ಕಾಯಬೇಕಾಯಿತು. ಸಿಕ್ಕಾಗ ನೋಡಿದರೆ, ಕೆಲವು ಹೊಸ ನಕ್ಷತ್ರ ಹುಟ್ಟುವುದನ್ನೇ ನಿಲ್ಲಿಸಿದ ಮುದಿ ಗೆಲಾಕ್ಸಿಗಳಲ್ಲಿ ಆಗಿದ್ದವು. ಕೆಲವು ಮನೆಯೊಳಗೆ ಅಲ್ಲ, ಮನೆಯಿಂದ ಬಹಳ ಆಚೆ. ಕೆಲವಕ್ಕೆ ಸುತ್ತ ಎಲ್ಲೂ ಮನೆಯೇ ಇಲ್ಲ.

ಕಾರಣ ಕೇಳಿದರೆ ಹೆಂಗಸರಿಗೆ ಬೇಗ ಅರ್ಥವಾದೀತು. ಇವು ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದನ್ನೊಂದು ಸುತ್ತುತ್ತಾ, ಕೋಟ್ಯಂತರ ವರ್ಷ ಸಮೀಪಿಸುತ್ತಾ ಬಂದು ಕೊನೆಗೆ ಒಂದಾಗುವಾಗ ಆಗುವಂಥವು. ಅವು ನ್ಯೂಟ್ರಾನ್ ನಕ್ಷತ್ರಗಳಾಗುವ ಗಳಿಗೆಯಲ್ಲೇ ಸೂಪರ್ನೋವಾ ಜೋರಾಗಿ ಒದ್ದು ಜೋಡಿಯನ್ನು ಹುಟ್ಟಿದ ಜಾಗದಿಂದ ಆಚೆಗೆ ತಳ್ಳಿರುತ್ತದೆ. ತವರು ಹಿಂದೆ ಉಳಿಯುತ್ತದೆ. ಸಿಡಿದಾಗ ತವರು ಯಾವುದೆಂದು ಹೇಳಲು ಗುರುತಿಲ್ಲ. ಟಿ.ಸಿ. ಇಲ್ಲದೆ ಸೇರಲು ಬಂದ ಮಗುವಿನ ಊರು ವಿಚಾರಿಸುವ ಹಾಗೆ, ಸುತ್ತಲಿನ ಗೆಲಾಕ್ಸಿಗಳಲ್ಲಿ ಯಾವುದು ಎಷ್ಟು ಹತ್ತಿರ, ಎಷ್ಟು ಪ್ರಕಾಶ ಎಂದೆಲ್ಲ ಲೆಕ್ಕ ಹಾಕಿ, ಇದಿರಬಹುದು ಎನ್ನುತ್ತಾರೆ.

2017ರ ಆಗಸ್ಟ್ 17ರಂದು ಮಾತ್ರ ಅನುಮಾನಕ್ಕೆ ಜಾಗವಿರಲಿಲ್ಲ. ನಮ್ಮಲ್ಲಿ ಆಗ ಸಂಜೆ 6 ಗಂಟೆ 11 ನಿಮಿಷ, ದೇವರ ಮುಂದೆ ದೀಪ ಹಚ್ಚುವ ಹೊತ್ತು. ಅಂಥ ಒಂದು ಜೋಡಿ ಒಂದಾದ ಕಂಪನ ಗುರುತ್ವದ ಅಲೆಯಾಗಿ ಭೂಮಿಯನ್ನು ಮುಟ್ಟಿತು, 1.7 ಸೆಕೆಂಡು ಬಿಟ್ಟು ಗಾಮಾ ಕಿರಣ. 13 ಕೋಟಿ ವರ್ಷ ಒಟ್ಟಿಗೆ ಪ್ರಯಾಣ ಮಾಡಿ ಬಂದವರ ನಡುವೆ ಅಷ್ಟೇ ಅಂತರ! ಮನೆ ಎನ್‌ಜಿಸಿ 4993 ಎಂಬ ಮುದಿ ಗೆಲಾಕ್ಸಿ, ಹೈಡ್ರಾ ಎಂಬ ಹಾವಿನಾಕಾರದ ನಕ್ಷತ್ರಪುಂಜದಲ್ಲಿ. ನಮ್ಮ ಆಶ್ಲೇಷಾ ನಕ್ಷತ್ರ ಆ ಹಾವಿನ ತಲೆ. ಈ ಗೆಲಾಕ್ಸಿ ಇರುವುದು ಬಾಲದ ಕಡೆ. ಚಿನ್ನದಂಥ ಭಾರದ ಧಾತುಗಳು ಹುಟ್ಟುವುದು ಇಂಥ ಕಡೆಯೇ. ನಮ್ಮ ಕತ್ತಿನ ಮಾಂಗಲ್ಯದ ಗುಂಡಿನಲ್ಲಿ, ಎಂದೋ ಒಂದಾದ ಯಾವುದೋ ಜೋಡಿಯ ಪಾಲು ಇದ್ದರೂ ಇರಬಹುದು.

ಇವನ್ನು ಬರಿಗಣ್ಣಿನಲ್ಲಿ ನೋಡಬಹುದೇ ಎಂದು ಕೇಳುವವರಿದ್ದಾರೆ. ಒಮ್ಮೆ ಸಾಧ್ಯವಿತ್ತು. 2008ರ ಮಾರ್ಚ್ 19ರಂದು, ಸ್ವಾತಿ ನಕ್ಷತ್ರವಿರುವ ಪುಂಜದಲ್ಲಿ ಒಂದು ಸ್ಫೋಟದ ಬೆಳಕು ಅರ್ಧ ನಿಮಿಷದಷ್ಟು ಹೊತ್ತು ಬರಿಗಣ್ಣಿಗೆ ಕಾಣುವಷ್ಟು ಉಜ್ವಲವಾಗಿತ್ತು. 750 ಕೋಟಿ ವರ್ಷದ ಹಿಂದೆ, ಸೂರ್ಯ ಭೂಮಿ ಎರಡೂ ಹುಟ್ಟುವ ಮೊದಲೇ ಹೊರಟ ಬೆಳಕು. ನಮ್ಮಲ್ಲಿ ಆಗ ಹಗಲು 11 ಗಂಟೆ 42 ನಿಮಿಷ. ಸಾರಿಗೆ ಹುಳಿ ಹಿಂಡುವ ಹೊತ್ತು.

ಅವಳ ಮಾವ ಒಪ್ಪಿದರು. ಈಗ ಹುಡುಗಿ ಬೆಳಗ್ಗೆ 7.40ರ ಬಸ್ಸಿಗೆ ಹೋಗುತ್ತಾಳೆ. ಗಣಿತ ಕಷ್ಟವಾಗುತ್ತಿದೆ, ಇಂಗ್ಲಿಷ್ ಇನ್ನೂ ಕಷ್ಟ. ಮೊದಲ ಟೆಸ್ಟಿನಲ್ಲಿ ಅತ್ತಳು. ತಿಂಗಳಿಗೊಂದು ಭಾನುವಾರ ಹೂವಿನ ಪೊಟ್ಟಣ ಹಿಡಿದು ನಮ್ಮ ಮನೆಗೆ ಬರುತ್ತಾಳೆ. ಕಳೆದ ಸಲ ಬಂದಾಗ 2021ರ ಡಿಸೆಂಬರ್ 11ರ ಸ್ಫೋಟದ ವಿಷಯ ಹೇಳಿದೆ. ಅದು ಸುಮಾರು 50 ಸೆಕೆಂಡು ಇತ್ತು, ಆದರೆ ಸಾಯುವ ನಕ್ಷತ್ರದ ಸೂಪರ್ನೋವಾ ಅಲ್ಲಿ ಕಾಣಲಿಲ್ಲ. ಜೋಡಿ ಒಂದಾದಾಗಿನ ಗುರುತುಗಳೇ ಕಂಡವು. ಆಗಿದ್ದೂ ಗೆಲಾಕ್ಸಿಯ ನಡುಮನೆಯಿಂದ ದೂರ, ಅಂಚಿನಲ್ಲಿ.

“ಎರಡು ಸೆಕೆಂಡಿನ ಗೆರೆ ಅಂದಿದ್ರಲ್ಲ ಮಿಸ್. ಮತ್ತೆ ಇದನ್ನ ಯಾವ ಪಟ್ಟಿಗೆ ಸೇರಿಸ್ತಾರೆ?”

“ಹೊತ್ತು ನೋಡಿ ಸೇರಿಸೋಕೆ ಆಗಲ್ಲ ಅಂತ ಆಯ್ತಲ್ಲ. ಮನೆ ನೋಡಿ, ಸುತ್ತಮುತ್ತ ನೋಡಿ ಹೇಳಬೇಕು.”

ಅವಳು ಸ್ವಲ್ಪ ಹೊತ್ತು ಯೋಚಿಸಿ, “ಮನೆ ನೋಡಿದ್ರೂ ತಪ್ಪಾಗ್ಬೋದಲ್ವಾ ಮಿಸ್?” ಎಂದಳು. ಆಮೇಲೆ ಫಿಸಿಕ್ಸ್ ನೋಟ್ಸಿನ ಕೊನೆಯ ಪುಟದಲ್ಲಿ ಆ ತಾರೀಖು ಬರೆದುಕೊಂಡು, ಅಮ್ಮ ಸಂತೆಯಿಂದ ಬರುವ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿದಳು.